ಒಳಗಿನ ಸೂಜಿ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಂಬಿದವಳಲ್ಲ. ದೂರದಲ್ಲಿದ್ದವರು ಎದುರಿಗೆ ಬಂದು ನಿಂತರು, ಮಾತಾಡಿದರು, ಆಮೇಲೆ ಕಾಣಲಿಲ್ಲ ಎಂದು ನಮ್ಮ ಅಡುಗೆಯ ದೇವಕಿ ಕಥೆ ಶುರು ಮಾಡಿದರೆ, 'ನಿನ್ನೆ ಹಂದಿಸಾರು ಜಾಸ್ತಿ ತಿಂದಿದ್ದೀಯ' ಎಂದು ನಗುತ್ತಿದ್ದೆ. ಹತ್ತು ವರ್ಷ ಕಾನ್ವೆಂಟಿನಲ್ಲಿ ಓದಿದವಳು ನಾನು. ಕೈಬರಹ ದುಂಡಗಿರಬೇಕು, ಕರವಸ್ತ್ರದ ಮಡಿಕೆ ಮುರಿಯಬಾರದು, ಕಣ್ಣಿಗೆ ಕಾಣದ್ದಕ್ಕೆ ಹೆದರಬಾರದು ಎಂದು ಅಲ್ಲಿ ಕಲಿಸಿದ್ದರು. ಆದ್ದರಿಂದ ಇದನ್ನು ಓದಿ ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಕತ್ತಲೆಯಿಲ್ಲ, ಮಸಣವಿಲ್ಲ. ನಡೆದದ್ದು ಹಾಡುಹಗಲಿನಲ್ಲಿ, ಬೆಳಗಿನ ಒಳ್ಳೆಯ ಬಿಸಿಲಿನಲ್ಲಿ, ಮೂವತ್ತು ಜನರ ಎದುರಿಗೆ. ಅದನ್ನು ನೆನೆದರೆ ನನಗೆ ಭಯವಾಗುವುದಿಲ್ಲ. ನಾಚಿಕೆಯಾಗುತ್ತದೆ.

ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ನಮ್ಮ ಮನೆಯವರು ಬಿಟ್ಟಂಗಾಲದ ಹತ್ತಿರ ಒಂದು ಕಾಫಿ ಎಸ್ಟೇಟಿನ ಮ್ಯಾನೇಜರಾಗಿದ್ದರು. ಬಂಗಲೆಯಿಂದ ಕೆಳಗೆ ಇಳಿದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ, ಅದರಾಚೆ ಕೂಲಿಯವರ ಸಾಲುಮನೆಗಳ ಲೈನು. ಮೈಸೂರು ಸೀಮೆಯವರು, ಮಲೆಯಾಳದವರು, ತಮಿಳರು ಎಲ್ಲರೂ ಅಲ್ಲಿದ್ದರು. ಹದಿನೈದು ದಿನಕ್ಕೊಮ್ಮೆ ವಿರಾಜಪೇಟೆಯಿಂದ ಬರುತ್ತಿದ್ದ ಕಂಪೌಂಡರು ಒಂದು ಮಳೆಗಾಲದಲ್ಲಿ ಬರುವುದನ್ನು ನಿಲ್ಲಿಸಿದ. ಲೈನಿನಲ್ಲಿ ರಕ್ತವಿಲ್ಲದ ಮುಖಗಳೇ ಹೆಚ್ಚು. ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಶುರುವಾದರೆ ಹೆಂಗಸರು ಗಿಡದ ಬುಡದಲ್ಲೇ ತಲೆತಿರುಗಿ ಕೂರುತ್ತಿದ್ದರು. 'ನೀನು ಕಾನ್ವೆಂಟಿನ ಡಿಸ್ಪೆನ್ಸರಿಯಲ್ಲಿ ಸೂಜಿ ಹಾಕುವುದು ಕಲಿತವಳಲ್ಲವೇ' ಎಂದರು ನಮ್ಮ ಮನೆಯವರು. ನಾನು ಹಿಗ್ಗಿಹೋದೆ. ಮನೆಯಲ್ಲಿ ಹೂದಾನಿ ಒರೆಸಿಕೊಂಡು ಕೂತವಳಿಗೆ ಒಂದು ಕೆಲಸ ಸಿಕ್ಕಿತಲ್ಲ ಎಂದು ಸಂತೋಷಪಟ್ಟೆ. ಅದು ಪುಣ್ಯದ ಕೆಲಸ ಎಂದೂ ಅಂದುಕೊಂಡೆ. ಆ ಮಾತನ್ನು ಮುಚ್ಚಿಡುವುದಿಲ್ಲ.

ಸಂತೆಯ ದಿನ ಬೆಳಿಗ್ಗೆ ಲೈನಿಗೆ ರಜೆ. ಅಂದು ಬಂಗಲೆಯ ಹಿಂದಿನ ವರಾಂಡದಲ್ಲಿ ಸಾಲು ನಿಲ್ಲುತ್ತಿದ್ದರು. ಶಕ್ತಿಯ ಸೂಜಿ ಎಂದು ಅವರು ಕರೆಯುತ್ತಿದ್ದ ಔಷಧಿಗೆ ಸೀಸೆಯ ಮೇಲಿದ್ದ ಹೆಸರು ಲಿವರ್ ಎಕ್ಸ್‌ಟ್ರಾಕ್ಟ್. ಕಂದು ಬಣ್ಣದ್ದು, ಚುಚ್ಚಿದರೆ ಉರಿಯುತ್ತಿತ್ತು. ನನ್ನ ಹತ್ತಿರ ಒಂದು ಗಾಜಿನ ಸಿರಿಂಜು, ಎರಡು ಸೂಜಿ. ಕಾನ್ವೆಂಟಿನ ಸಿಸ್ಟರು ಪ್ರತಿ ಸಲವೂ ಕುದಿಸಬೇಕೆಂದು ಕಲಿಸಿದ್ದರು. ಆದರೆ ಮೂವತ್ತು ಜನ ಸಾಲಿನಲ್ಲಿ ನಿಂತು ಸಂತೆಗೆ ಹೊತ್ತಾಯಿತೆಂದು ಚಡಪಡಿಸುತ್ತಿರುವಾಗ ಸ್ಟೌವಿನ ಮುಂದೆ ಅಷ್ಟು ಸಲ ಕಾಯುವವರು ಯಾರು? ಬೆಳಿಗ್ಗೆ ಒಮ್ಮೆ ಚೆನ್ನಾಗಿ ಕುದಿಸಿ, ಆಮೇಲೆ ಒಬ್ಬೊಬ್ಬರಿಗೂ ಮೊದಲು ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ ಸೂಜಿಯನ್ನು ಒರೆಸುತ್ತಿದ್ದೆ. ಕಂಪೌಂಡರೂ ಹಾಗೇ ಮಾಡುತ್ತಿದ್ದ. ಸೂಜಿ ಮೊಂಡಾದರೆ ಸಣ್ಣ ಸಾಣೆಕಲ್ಲಿನಲ್ಲಿ ಮಸೆದುಕೊಳ್ಳುತ್ತಿದ್ದೆ.

ಎರಡು ಸೂಜಿ ಎಂದೆ. ನಾನು ಹೇಳಬೇಕಾಗಿರುವುದು ಆ ಎರಡನೆಯದರ ಬಗ್ಗೆ. ಅದು ಮೈಸೂರಿನಿಂದ ತಂದ ಹೊಸ ಸೂಜಿ. ಖಾಲಿ ಸೋಪಿನ ಡಬ್ಬಿಯಲ್ಲಿ ಬಟ್ಟೆ ಹಾಸಿ, ಮಲಗುವ ಕೋಣೆಯ ಮರದ ಪೆಟ್ಟಿಗೆಯಲ್ಲಿ, ನನ್ನ ಧಾರೆ ಸೀರೆಯ ಅಡಿಯಲ್ಲಿ ಇಟ್ಟಿದ್ದೆ. ಮನೆಯವರಿಗೆ, ಅತ್ತೆಗೆ, ಆರು ವರ್ಷದ ನನ್ನ ಮಗಳಿಗೆ ಅದೇ ಸೂಜಿ. ಅದನ್ನು ಬೇರೆ ಪಾತ್ರೆಯಲ್ಲಿ ಕುದಿಸುತ್ತಿದ್ದೆ, ಬಾಗಿಲು ಹಾಕಿಕೊಂಡು. ಹಾಗೆ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ. ಆಗಿನ ಬಂಗಲೆಗಳಲ್ಲಿ ಲೈನಿನವರಿಗೆ ಬೇರೆ ಲೋಟ, ಬೇರೆ ಮಣೆ ಇರುತ್ತಿತ್ತು. ಲೋಟ ಬೇರೆ ಇರುವಾಗ ಸೂಜಿ ಬೇರೆ ಇರುವುದು ನನಗೆ ಅಂಥ ದೊಡ್ಡ ವಿಷಯವಾಗಿ ತೋರಲಿಲ್ಲ. ಆದರೂ ಬಾಗಿಲು ಹಾಕಿಕೊಳ್ಳುತ್ತಿದ್ದೆನಲ್ಲ, ಅದನ್ನು ಯೋಚಿಸಿ.

ಸಾಲಿಗೆ ತಪ್ಪದೆ ಬರುತ್ತಿದ್ದವರಲ್ಲಿ ಜವರಯ್ಯ ಒಬ್ಬ. ಹುಣಸೂರು ಕಡೆಯವನು, ಕಾಫಿ ಗಿಡದ ರೆಂಬೆ ಸವರಿ ಕಪಾತು ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕಪ್ಪು ಕಂಬಳಿ ಹೊದ್ದು, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಬರುತ್ತಿದ್ದ. ಸೂಜಿ ಹಾಕುವಾಗ ಬೇರೆಯವರು ಮುಖ ತಿರುಗಿಸಿದರೆ ಇವನು ಮಾತ್ರ ಕಣ್ಣಿಟ್ಟು ನೋಡುತ್ತಿದ್ದ. ಹೆಂಡತಿ ನಿಂಗಮ್ಮ. ಒಬ್ಬಳೇ ಮಗಳು ಪುಟ್ಟಿ, ಒಂಬತ್ತೋ ಹತ್ತೋ ವರ್ಷದವಳು. ಮೂರು ವರ್ಷ ನನ್ನ ಕೈಯಿಂದ ಸೂಜಿ ಹಾಕಿಸಿಕೊಂಡ ಜವರಯ್ಯನಿಗೆ ಮೊದಲು ಕಣ್ಣು ಹಳದಿಯಾಯಿತು. ನಾಟಿ ಮದ್ದು ಕುಡಿದ, ಹೋಯಿತು ಎಂದುಕೊಂಡ. ಆಮೇಲೆ ಕಾಲು ಊದಿತು. ಆಮೇಲೆ ಹೊಟ್ಟೆ ಬಂತು.

ನಮ್ಮ ಜಿಲ್ಲೆಯಲ್ಲಿ ಗಂಡಸಿಗೆ ಹೊಟ್ಟೆ ಬಂದರೆ ಅದಕ್ಕೆ ಒಂದೇ ಅರ್ಥ. ಅತ್ತೆ ನಮ್ಮ ಅರೆಭಾಷೆಯಲ್ಲಿ, 'ಕುಡ್ದ್ ಕುಡ್ದ್ ಬರ್ಸಿಕಂಡುಟ್ಟು, ಇನ್ನೆಂಥ ಹೇಳ್ದು' ಎಂದುಬಿಟ್ಟರು. ನಮ್ಮ ಮನೆಯಲ್ಲೂ ಹಿರಿಯರಿಗೆ ಎಡೆ ಇಡುವಾಗ ಸಾರಾಯಿ ಇಲ್ಲದೆ ಆಗುವುದಿಲ್ಲ. ನಮ್ಮ ಗಂಡಸರು ಕುಡಿದರೆ ಅದು ಪದ್ಧತಿ, ಲೈನಿನವನು ಕುಡಿದರೆ ಅವನು ಕುಡುಕ. ನಾನೂ ಹಾಗೆಯೇ ತಿಳಿದಿದ್ದೆ. ಎಸ್ಟೇಟಿನ ಜೀಪಿನಲ್ಲಿ ಅವನನ್ನು ಮಡಿಕೇರಿಯ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ನಿಂಗಮ್ಮ ಜೊತೆಗೆ ಹೋದಳು. ಪುಟ್ಟಿಯನ್ನು ಲೈನಿನ ಪಕ್ಕದ ಮನೆಯವರ ಹತ್ತಿರ ಬಿಟ್ಟಿದ್ದರು.

ಆ ಆಸ್ಪತ್ರೆಗೆ ನಮ್ಮ ಮಹಿಳಾ ಸಮಾಜದವರು ತಿಂಗಳಿಗೊಮ್ಮೆ ಕಿತ್ತಳೆ, ಬ್ರೆಡ್ಡು ತೆಗೆದುಕೊಂಡು ಹೋಗುತ್ತಿದ್ದೆವು. ನಾನು ಮೊದಲು ಹೋದಾಗ ಗಂಡಸರ ವಾರ್ಡಿನಲ್ಲಿ ಇಂಥ ಹೊಟ್ಟೆಯವರು ಎಲ್ಲೋ ಮೂಲೆಯಲ್ಲಿ ಒಬ್ಬರೋ ಇಬ್ಬರೋ ಇದ್ದರು. ವರ್ಷ ಕಳೆದಂತೆ ಮೂಲೆ ದೊಡ್ಡದಾಗುತ್ತ ಬಂತು. ಎರಡು ಮಂಚಗಳ ನಡುವೆ ಚಾಪೆ ಬಿತ್ತು. ಆಮೇಲೆ ವರಾಂಡದಲ್ಲೂ ಚಾಪೆ. ಹಾವು ಕಚ್ಚಿದವನನ್ನು, ಮರದಿಂದ ಬಿದ್ದವನನ್ನು ಮಲಗಿಸಲು ಜಾಗವಿಲ್ಲದೆ ನರ್ಸಮ್ಮ ಒದ್ದಾಡುತ್ತಿದ್ದರು. ಮಂಗಳೂರಿನ ಕಡೆಯವರು, ಕೆಲಸದ ನಡುವೆಯೇ ಮಾತಾಡುವವರು. 'ನೀರು ತೆಗೆಯುವುದು, ಕಳಿಸುವುದು, ಹದಿನೈದು ದಿವಸಕ್ಕೆ ಮತ್ತೆ ಅವರೇ ಬರುವುದು. ಇವರು ಗುಣವೂ ಆಗುವುದಿಲ್ಲ, ಹೋಗುವುದೂ ಇಲ್ಲ ಮಾರಾಯ್ರೆ. ನನಗೆ ಇವರ ಮಕ್ಕಳ ಹೆಸರೆಲ್ಲ ಬಾಯಿಪಾಠ' ಎನ್ನುತ್ತಿದ್ದರು. ಹೊಟ್ಟೆಗೆ ಸೂಜಿ ಇಳಿಸಿ, ರಬ್ಬರ್ ನಳಿಗೆಯಿಂದ ನೀರನ್ನು ಬಕೆಟ್ಟಿಗೆ ಬಿಡುತ್ತಿದ್ದರು. ಬಿಯರಿನ ಬಣ್ಣದ ನೀರು. ಅದನ್ನು ನೋಡಿಯೇ ನಮ್ಮವರು, 'ನೋಡಿ, ಕುಡಿದದ್ದೆಲ್ಲ ಹಾಗೇ ಉಂಟು' ಎನ್ನುತ್ತಿದ್ದರು.

ಜವರಯ್ಯ ಅಲ್ಲಿ ಸೇರಿದ ಮೇಲೆ ನಾವು ಹೋದ ದಿನ, ನಮ್ಮ ಸಮಾಜದ ಒಬ್ಬ ಹೆಂಗಸು ಅವನ ಹೊಟ್ಟೆ ನೋಡಿ ನಿಂತಳು.

'ಸಿಸ್ಟರ್, ಹೆರಿಗೆ ವಾರ್ಡು ಆಚೆ ಕಡೆ ಅಲ್ಲವಾ? ಇವನನ್ನು ಇಲ್ಲಿ ಯಾಕೆ ಹಾಕಿದ್ದೀರಿ?'

ಎಲ್ಲರೂ ನಕ್ಕರು. ನಾನು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕೆ. ಜವರಯ್ಯನೂ ಮರ್ಯಾದೆಗೆ ಸ್ವಲ್ಪ ನಕ್ಕ. ನಿಂಗಮ್ಮ ಮಾತ್ರ ಬೀಸಣಿಗೆ ಬೀಸುವುದನ್ನು ನಿಲ್ಲಿಸಿದಳು.

ನಾನು ಅವನ ಕೈಗೆ ಕಿತ್ತಳೆ ಕೊಟ್ಟು, 'ಇನ್ನಾದರೂ ಬಿಟ್ಟುಬಿಡು ಜವರಯ್ಯ. ಮಗಳ ಮುಖ ನೋಡಿಯಾದರೂ ಬಿಡು' ಎಂದೆ.

'ನಾನು ಒಂದು ತೊಟ್ಟೂ ಕುಡುದೋನಲ್ಲ ಅಮ್ಮಾವ್ರೆ. ನಮ್ಮಪ್ಪ ದಾಸಯ್ಯನ ಮುದ್ರೆ ಹಾಕ್ಸಿದ್ರು, ಹೆಂಡ ಮುಟ್ಟಂಗಿಲ್ಲ. ಬೇಕಾರೆ ನಿಂಗೀನ ಕೇಳಿ' ಎಂದ.

'ಹೆಂಡ್ತಿ ಬಿಟ್ಟು ಕೊಡ್ತಾಳಾ' ಎಂದಳು ಆ ಹೆಂಗಸು. ನಾವು ಮುಂದಿನ ಮಂಚಕ್ಕೆ ಹೋದೆವು.

ಇದಾಗಿ ಮೂರು ವಾರದ ಮೇಲೆ ಒಂದು ಸಂತೆಯ ದಿನ. ಪಿಕ್ಕಿಂಗ್ ಮುಗಿದಿತ್ತು, ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಿದ್ದಿರಲಿಲ್ಲ. ಬೆಳಿಗ್ಗೆ ಮಂಜು ಬೇಗ ಕರಗಿ ವರಾಂಡದ ಸಿಮೆಂಟಿನ ಮೇಲೆ ಚೌಕಾಕಾರದ ಬಿಸಿಲು ಬಿದ್ದಿತ್ತು. ಅಂದು ಪುಟ್ಟಿಯೂ ಸಾಲಿನಲ್ಲಿದ್ದಳು. ತಾಯಿ ಹತ್ತಿರವಿಲ್ಲದೆ ಹುಡುಗಿ ಸೊರಗಿದ್ದಳು, ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರೆ ಕಾಗದದ ಹಾಗೆ ಬೆಳ್ಳಗೆ. 'ಇವಳಿಗೂ ಒಂದು ಹಾಕಿ ಅಮ್ಮಾ' ಎಂದು ಪಕ್ಕದ ಮನೆಯವಳು ಮುಂದಕ್ಕೆ ತಳ್ಳಿದ್ದಳು. ಅದು ಪುಟ್ಟಿಗೆ ಮೊದಲ ಸೂಜಿ. ಇಪ್ಪತ್ತು ಜನರಿಗೆ ಹಾಕಿ ಆಗಿತ್ತು. ಸೂಜಿಯನ್ನು ಸ್ಪಿರಿಟಿನಿಂದ ಒರೆಸಿ, ಔಷಧಿ ಎಳೆದುಕೊಂಡು, ಅವಳ ತೋಳು ಹಿಡಿದೆ. ಕಡ್ಡಿಯ ಹಾಗಿತ್ತು.

ಆಗ ಅವಳ ಹಿಂದೆ ಜವರಯ್ಯ ನಿಂತಿದ್ದ.

ನನಗೆ ಗಾಬರಿಯಾಗಲಿಲ್ಲ. ಇದನ್ನು ನೀವು ಗಮನಿಸಬೇಕು. ಎಂದಿನಂತೆ ಕಂಬಳಿ ಹೊದ್ದಿದ್ದ, ಸೊಂಟದಲ್ಲಿ ಕತ್ತಿ ಇತ್ತು. ಹೊಟ್ಟೆ ಇರಲಿಲ್ಲ. ಕಣ್ಣು ಬೆಳ್ಳಗಿತ್ತು. ನೀರು ತೆಗೆಸಿಕೊಂಡು ಬಂದಿದ್ದಾನೆ, ಕುಡಿಯಲು ಸಿಗದೆ ಗುಣವಾಗಿದ್ದಾನೆ ಎಂದೇ ನಾನು ಅಂದುಕೊಂಡೆ. ಹೇಳದೆ ಕೇಳದೆ ಆಸ್ಪತ್ರೆ ಬಿಟ್ಟು ಬಂದನಲ್ಲ ಎಂದು ಸ್ವಲ್ಪ ಸಿಟ್ಟೂ ಬಂತು.

ಅವನು ಬಗ್ಗಿ, ತಗ್ಗಿದ ದನಿಯಲ್ಲಿ, ಒಂದು ಲೋಟ ಗಂಜಿ ಕೇಳುವವನ ಹಾಗೆ ಕೇಳಿದ.

'ಅಮ್ಮಾವ್ರೆ, ಈ ಕೂಸಿಗೆ ಒಳಗಿನ ಸೂಜಿ ತನ್ನಿ.'

'ಯಾವ ಒಳಗಿನ ಸೂಜಿ?'

'ಪೆಟ್ಗೇಲಿ ಸೀರೆ ಅಡೀಲಿ ಮಡಗಿದ್ದೀರಲ್ಲ, ಸೋಪಿನ ಡಬ್ಬೀಲಿ. ನಿಮ್ಮ ಮಗೀಗೆ ಹಾಕ್ತೀರಲ್ಲ, ಅದು.'

ಅವನ ಮಾತಿನಲ್ಲಿ ಕೋಪವಿರಲಿಲ್ಲ, ಕೊಂಕು ಇರಲಿಲ್ಲ. ಕಿವಿ ಬಿಸಿಯಾದದ್ದು ನನಗೆ. ಸಾಲಿನಲ್ಲಿದ್ದವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಇವನು ಎಲ್ಲರ ಎದುರಿಗೆ ಹೇಳಿಬಿಟ್ಟನಲ್ಲ ಎಂಬುದು ಬಿಟ್ಟರೆ ಬೇರೇನೂ ನನ್ನ ತಲೆಯಲ್ಲಿ ಇರಲಿಲ್ಲ. ನಾನು ದನಿ ಎತ್ತಿ ಹೇಳಿದೆ.

'ಈ ಮನೆಯಲ್ಲಿ ಎಲ್ಲರಿಗೂ ಇರುವುದು ಒಂದೇ ಸೂಜಿ. ಬೇರೆ ಸೂಜಿ ಇಲ್ಲ.'

ಹೇಳಿ, ಪುಟ್ಟಿಯ ತೋಳಿಗೆ ಚುಚ್ಚಿದೆ. ಅವಳು 'ಹಾ' ಎಂದು ಉಸಿರೆಳೆದಳು, ಅಳಲಿಲ್ಲ. ಹತ್ತಿ ಒತ್ತಿ ತಲೆ ಎತ್ತಿದರೆ ಅವಳ ಹಿಂದೆ ನಿಂತಿದ್ದವಳು ಪಕ್ಕದ ಮನೆಯ ಹೆಂಗಸು.

'ಜವರಯ್ಯ ಎಲ್ಲಿ ಹೋದ?' ಎಂದೆ.

ಪುಟ್ಟಿ ಹಿಂದಕ್ಕೆ ತಿರುಗಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. 'ಅಪ್ಪ ಮಡಿಕೇರೀಲಿ ಅವ್ನೆ' ಎಂದಳು.

ಉಳಿದವರಿಗೆ ಹೇಗೆ ಹಾಕಿದೆನೋ ನೆನಪಿಲ್ಲ. ಎಲ್ಲರೂ ಹೋದ ಮೇಲೆ ದೇವಕಿ ಪಾತ್ರೆ ಎತ್ತಲು ಬಂದವಳು, 'ಅಮ್ಮ ಯಾರ ಹತ್ರ ಮಾತಾಡಿದ್ದು? ಬೇರೆ ಸೂಜಿ ಇಲ್ಲ ಇಲ್ಲ ಅಂತ ಜೋರು ಮಾಡಿದ್ದು ಯಾರಿಗೆ? ಯಾರೂ ಎಂತ ಕೇಳ್ಲಿಲ್ಲಲ್ಲ' ಎಂದಳು. ಅವಳ ಮುಖದಲ್ಲಿ ನಗುವಿರಲಿಲ್ಲ. ಅವಳಿಗೆ ಆ ಡಬ್ಬಿಯ ವಿಷಯ ಗೊತ್ತಿತ್ತೇ, ಅವಳಿಂದ ಲೈನಿನವರಿಗೆ ತಿಳಿದಿತ್ತೇ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಕೇಳಲಿಲ್ಲ. ಕೇಳಿದರೆ ಡಬ್ಬಿ ಇರುವುದನ್ನು ನಾನೇ ಒಪ್ಪಿಕೊಂಡ ಹಾಗಾಗುತ್ತಿತ್ತು.

ಮೂರನೆಯ ದಿನ ಏನೋ ನೆಪ ಹೇಳಿ ಜೀಪಿನಲ್ಲಿ ಮಡಿಕೇರಿಗೆ ಹೋದೆ. ಜವರಯ್ಯ ಅದೇ ಮಂಚದ ಮೇಲಿದ್ದ. ಹೊಟ್ಟೆ ಮೊದಲಿಗಿಂತ ದೊಡ್ಡದಾಗಿತ್ತು, ಕಾಲು ಕಂಬದ ಹಾಗೆ, ಕಣ್ಣು ಅರಿಶಿನ. ಎಬ್ಬಿಸಿ ಕೂರಿಸಲು ಇಬ್ಬರು ಬೇಕಿತ್ತು. ಸಂತೆಯ ದಿನ ಬೆಳಿಗ್ಗೆ ಹೇಗಿದ್ದ ಎಂದು ನಿಂಗಮ್ಮನನ್ನು ಕೇಳಿದೆ.

'ಅವತ್ತು ನೀರ್ ತಗುದ್ರು ಕಣವ್ವ. ಒಂಬತ್ತರಿಂದ ಹನ್ನೊಂದರಗಂಟ ಹೊಟ್ಟೇಲಿ ಸೂಜಿ ಇಟ್ಟಿದ್ರು. ನಾನೇ ತಲೆ ಹಿಡ್ಕೊಂಡು ಕುಂತಿದ್ದೆ. ಮಧ್ಯ ಒಂದ್ಸಲ ಕಣ್ ತೇಲಿಸ್ಬುಟ್ರು, ಕೂಸು ಕೂಸು ಅಂದ್ರು. ಆಮೇಕೆ ಸರಿಯಾದ್ರು.'

ನಾನು ಮಂಚದ ಹತ್ತಿರ ಹೋದೆ. ಅವನು ಏನಾದರೂ ಕೇಳಲಿ ಎಂದು ಒಂದು ಮನಸ್ಸು ಬೇಡುತ್ತಿತ್ತು, ಕೇಳದಿರಲಿ ಎಂದು ಇನ್ನೊಂದು. ಜವರಯ್ಯ ನನ್ನನ್ನು ಗುರುತಿಸಿ ಕೈ ಮುಗಿಯಲು ನೋಡಿದ. ಒಂದೇ ಕೈ ಮೇಲೆ ಬಂತು.

'ಅಮ್ಮಾವ್ರೆ, ಪುಟ್ಟಿ ಸೊರಗವಳಂತೆ. ಅವಳಿಗೂ ಒಂದ್ ಸೂಜಿ ಹಾಕ್ಬುಡಿ. ನಿಮ್ ಕೈಗುಣ ವಸಿ ಚೆನ್ನಾಗದೆ.'

'ಹಾಕಿದ್ದೇನೆ' ಎಂದೆ.

'ಪುಣ್ಯ ಬತ್ತದೆ ನಿಮ್ಗೆ' ಎಂದ.

ನಾನು ನಂಬಿರುವ ಯಾವ ದೇವರ ಎದುರಿಗೆ ಬೇಕಾದರೂ ಹೇಳುತ್ತೇನೆ, ಅವನ ಮುಖದಲ್ಲಿ ಬೇರೆ ಏನೂ ಇರಲಿಲ್ಲ. ವರಾಂಡದಲ್ಲಿ ನನ್ನ ಡಬ್ಬಿಯ ಜಾಗ ಹೇಳಿದವನಿಗೂ ಈ ಮಂಚದ ಮೇಲೆ ನನ್ನ ಕೈಗುಣ ಹೊಗಳುತ್ತಿರುವವನಿಗೂ ಸಂಬಂಧವೇ ಇಲ್ಲದ ಹಾಗಿತ್ತು. ಕಿತ್ತಳೆ ಇಟ್ಟು ಹೊರಗೆ ಬಂದೆ. ವಾರ್ಡಿನ ಉದ್ದಕ್ಕೂ ನಡೆಯುವಾಗ ಮೊದಲ ಸಲ ಮುಖಗಳನ್ನು ನೋಡಿದೆ. ಅಲ್ಲಿಯವರೆಗೆ ಹೊಟ್ಟೆಗಳನ್ನಷ್ಟೇ ನೋಡಿದ್ದೆ. ಒಬ್ಬ ನಮ್ಮ ಪಲ್ಪರ್ ಮನೆಯಲ್ಲಿದ್ದವನು. ಕಿಟಕಿಯ ಹತ್ತಿರ ಮಲಗಿದ್ದವನು ಎರಡು ವರ್ಷದ ಹಿಂದೆ ನಮ್ಮ ಲೈನು ಬಿಟ್ಟು ಬೇರೆ ಎಸ್ಟೇಟಿಗೆ ಹೋದ ಮೇಸ್ತ್ರಿ. ಇಬ್ಬರೂ ನನಗೆ ನಮಸ್ಕಾರ ಮಾಡಿದರು.

ಮಳೆ ಹಿಡಿಯುವ ಮೊದಲೇ ಜವರಯ್ಯ ತೀರಿಕೊಂಡ. ಅವನ ಕೋಣೆಗೆ ಬೇರೆ ಆಳು ಬಂದ. ನಿಂಗಮ್ಮ ಮಗಳನ್ನು ಕರೆದುಕೊಂಡು ಹುಣಸೂರು ಕಡೆ ಹೋದಳು. ನನಗೆ ದೃಷ್ಟಿ ಮಂದವಾಗುತ್ತಿದೆ ಎಂದು ಸುಳ್ಳು ಹೇಳಿ ಸೂಜಿ ಹಾಕುವುದನ್ನು ಬಿಟ್ಟೆ. ಎರಡೂ ಸೂಜಿಗಳನ್ನು ಕಕ್ಕಸಿನ ಗುಂಡಿಗೆ ಹಾಕಿದೆ. ಏಕೆ ಹಾಗೆ ಮಾಡಿದೆನೆಂದು ಅಂದು ನನಗೆ ತಿಳಿದಿರಲಿಲ್ಲ.

ತಿಳಿದದ್ದು ಎರಡು ವರ್ಷದ ಮೇಲೆ. ಆಸ್ಪತ್ರೆಗೆ ಬಂದ ಹೊಸ ಡಾಕ್ಟರು ಚಿಕ್ಕ ವಯಸ್ಸಿನವರು. ನಮ್ಮ ಸಮಾಜದವರು ವಾರ್ಡಿನಲ್ಲಿ ಎಂದಿನಂತೆ ಕುಡಿತದ ಬಗ್ಗೆ ಬುದ್ಧಿ ಹೇಳುತ್ತಿದ್ದುದನ್ನು ಕೇಳಿ, ನಮ್ಮನ್ನು ಹೊರಗೆ ಕರೆದರು. 'ಕುಡಿದು ಲಿವರ್ ಕೆಡಿಸಿಕೊಂಡವರು ಇಲ್ಲಿ ಇಲ್ಲವೆಂದಲ್ಲ. ಆದರೆ ಇವರಲ್ಲಿ ಎಷ್ಟೋ ಜನ ಕುಡಿದವರೇ ಅಲ್ಲ. ರಕ್ತದಿಂದ ರಕ್ತಕ್ಕೆ ದಾಟುವ ಒಂದು ಕಾಮಾಲೆ ಇದೆ. ಕಣ್ಣಿಗೆ ಕಾಣದಷ್ಟು ರಕ್ತ ಸೂಜಿಯಲ್ಲಿ ಉಳಿದರೂ ಸಾಕು. ಸ್ಪಿರಿಟಿಗೆ ಅದು ಹೋಗುವುದಿಲ್ಲ. ಕೆಲವರಿಗೆ ಬಂದು ವಾಸಿಯಾಗುತ್ತದೆ. ಕೆಲವರಲ್ಲಿ ಒಳಗೇ ಉಳಿದು ಎಷ್ಟೋ ವರ್ಷದ ಮೇಲೆ ಹೀಗೆ ಮಾಡುತ್ತದೆ. ಅದಕ್ಕೇ ವಾರ್ಡು ತುಂಬುತ್ತಿದೆ' ಎಂದರು. ಆಮೇಲೆ ಒಬ್ಬೊಬ್ಬರನ್ನೇ ಕೇಳಿದರು, ನಿಮ್ಮ ಎಸ್ಟೇಟುಗಳಲ್ಲಿ ಸೂಜಿ ಹಾಕುವವರು ಯಾರು ಎಂದು. ನನ್ನ ಸರದಿ ಬಂದಾಗ ನಾನು, 'ಮೊದಲು ಒಬ್ಬ ಕಂಪೌಂಡರು ಬರುತ್ತಿದ್ದ' ಎಂದೆ. ಅದು ಸುಳ್ಳಲ್ಲ. ಅದಕ್ಕಿಂತ ಕೀಳಾದ ಮಾತನ್ನು ನಾನು ಬಾಳಿನಲ್ಲಿ ಆಡಿಲ್ಲ.

ಜವರಯ್ಯನಿಗೆ ನನ್ನಿಂದಲೇ ಬಂತೆಂದು ಯಾರೂ ಸಾಧಿಸಲಾರರು. ಕಂಪೌಂಡರ ಸೂಜಿಯಿಂದ ಬಂದಿರಬಹುದು, ಊರಿನ ಕ್ಷೌರದವನ ಕತ್ತಿಯಿಂದ ಬಂದಿರಬಹುದು. ಹೀಗೆ ಹೇಳಿಕೊಂಡು ಎಷ್ಟೋ ಮಧ್ಯಾಹ್ನ ಕಳೆದಿದ್ದೇನೆ. ಆದರೆ ಆ ಬೆಳಿಗ್ಗೆ ನನ್ನ ಮುಂದೆ ಬಂದು ನಿಂತದ್ದು ಯಾರು? ನನ್ನ ಮನಸ್ಸೇ ಆ ರೂಪದಲ್ಲಿ ಬಂತು ಎನ್ನೋಣವೆಂದರೆ, ಡಾಕ್ಟರು ಎರಡು ವರ್ಷದ ಮೇಲೆ ಹೇಳಿದ್ದು ನನ್ನ ಮನಸ್ಸಿಗೆ ಮೊದಲೇ ಹೇಗೆ ಗೊತ್ತಿತ್ತು? ಜವರಯ್ಯನೇ ಎನ್ನೋಣವೆಂದರೆ, ಅವನು ಹಾಸಿಗೆಯಲ್ಲಿ ನನ್ನ ಕೈಗುಣ ಹೊಗಳಿದ್ದೇಕೆ? ನನಗೆ ಇಂದಿಗೂ ತಿಳಿಯದು. ವರಾಂಡದಿಂದ ಆ ಪೆಟ್ಟಿಗೆಗೆ ಹನ್ನೆರಡು ಹೆಜ್ಜೆ ಎಂಬುದು ಮಾತ್ರ ಗೊತ್ತು, ಆಮೇಲೆ ನಡೆದು ನೋಡಿದ್ದೇನೆ.

ಹೋದ ವರ್ಷ ಒಂದು ಸಂಜೆ ಬಂಗಲೆಯ ಮೆಟ್ಟಿಲ ಮೇಲೆ ಒಬ್ಬಳು ಹುಡುಗಿ ತಾಯಿಯ ಜೊತೆ ಬಂದು ನಿಂತಳು. ತಾಯಿಯ ಕೈಯಲ್ಲಿ ಎಲೆ ಅಡಿಕೆಯ ತಟ್ಟೆ. ನಿಂಗಮ್ಮನ ತಲೆ ಪೂರ್ತಿ ನರೆತಿತ್ತು. 'ಪುಟ್ಟಿ ಮದ್ವೆ ಗೊತ್ತಾಯ್ತು ಕಣವ್ವ. ನೀವು ಸಾಕಿದ ಹಂಗೆ ನೋಡ್ಕೊಂಡಿದ್ರಿ, ಅದ್ಕೆ ಮೊದ್ಲು ನಿಮ್ಗೆ ಹೇಳ್ಮ ಅಂತ ಬಂದೊ' ಎಂದಳು. ಗಾಳಿಗೆ ಕರೆಂಟು ಹೋಗಿತ್ತು. ಒಳಗಿನಿಂದ ಲಾಂದ್ರ ತಂದು ಎತ್ತಿ ಹಿಡಿದೆ. ಪುಟ್ಟಿ ಎತ್ತರವಾಗಿದ್ದಳು, ಬಳೆ ತುಂಬಾ ತೊಟ್ಟಿದ್ದಳು. ಅವಳ ಕಣ್ಣಿನ ಬಿಳಿ ನನಗೆ ಹಳದಿಯಾಗಿ ಕಂಡಿತು. ಲಾಂದ್ರದ ಬೆಳಕೂ ಹಳದಿಯೇ. ಅವಳ ಬಳೆ, ನಿಂಗಮ್ಮನ ನರೆಗೂದಲು, ತಟ್ಟೆಯ ಎಲೆ ಕೂಡ ಆ ಬೆಳಕಿನಲ್ಲಿ ಹಳದಿಯಾಗಿದ್ದವು. ರಾತ್ರಿ ಇಲ್ಲೇ ಇದ್ದು ಬೆಳಿಗ್ಗೆ ಹೋಗಿ ಎಂದರೆ ಸಾಕಿತ್ತು, ಹಗಲಿನಲ್ಲಿ ನೋಡಬಹುದಿತ್ತು. ಒಬ್ಬ ಡಾಕ್ಟರಿಗೆ ತೋರಿಸೋಣ ಎನ್ನಬಹುದಿತ್ತು. ಎಂದರೆ ಏಕೆ ಎಂದು ಕೇಳುತ್ತಿದ್ದರು.

'ಯಾಕ್ರಮ್ಮ ಹಂಗೆ ನೋಡೀರಿ?' ಎಂದು ಪುಟ್ಟಿ ನಾಚಿದಳು.

'ಏನಿಲ್ಲ. ನೀನು ನಿನ್ನ ಅಪ್ಪನ ಹಾಗೇ ಕಾಣುತ್ತೀಯ' ಎಂದೆ.

ಅವಳಿಗೆ ತುಂಬ ಸಂತೋಷವಾಯಿತು.